ಐದು ಸೆಂಟಿಮೀಟರ್

ನಾಲ್ಕೇ ತಿಂಗಳಲ್ಲಿ ಕಾಲಿನಾ ಐದು ಸೆಂಟಿಮೀಟರ್ ಬೆಳೆದುಬಿಟ್ಟಳು. ಹದಿನೈದರ ಹುಡುಗಿ ಬೆಳೆದರೆ ಮನೆಯವರು ಹಿಗ್ಗಬೇಕಾದ್ದೇ. ಅವಳ ಅಜ್ಜಿಯಂತೂ ಹಿಗ್ಗಿ ಹೀರೇಕಾಯಿಯಾಗಿದ್ದಳು.

"ನಮ್ಮಪ್ಪನ ಎತ್ತರ ಕಣೇ ನಿನಗೆ! ತಗೋ, ಇನ್ನೊಂದು ತುಂಡು ಬನಿತ್ಸಾ ತಿನ್ನು," ಎಂದು ಒಲೆಯಿಂದ ಆಗಷ್ಟೇ ಇಳಿಸಿದ ಚೀಸ್ ತುಂಬಿದ ಕಡುಬನ್ನು ತಟ್ಟೆಗೆ ಹಾಕಿದಳು. ಕಾಲಿನಾ ತಟ್ಟೆ ದೂಡಿ ಎದ್ದುಹೋದಳು. ಪಾಪ, ಅಜ್ಜಿಗೇನು ಗೊತ್ತು.

ಕಾಲಿನಾ ಆಡುತ್ತಿದ್ದ ಪ್ಲೆವೆನ್ ಊರಿನ ಕ್ಲಬ್ಬಿನ ರಿದಮಿಕ್ ಜಿಮ್ನಾಸ್ಟಿಕ್ಸ್ ತಂಡದಲ್ಲಿ ಐವರು ಹುಡುಗಿಯರು. ಐವರೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಕಾಣಬೇಕು. ಪ್ರತಿ ಸೋಮವಾರ ಕೋಚ್ ಪೆಂಕಾ ಅವರನ್ನು ಬರಿಗಾಲಲ್ಲಿ ಸಾಲಾಗಿ ನಿಲ್ಲಿಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಬಡಗಿ ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ತಲೆಗಳ ಸಾಲು ನೋಡುತ್ತಿದ್ದಳು. ಕಾಲಿನಾ ಜುಟ್ಟನ್ನು ಕೆಳಗೆ ಕಟ್ಟಿ ನೋಡಿದಳು. ಬೆಳೆಯುವುದು ನಿಲ್ಲಲೆಂದು ಮೊಸರು ತಿನ್ನುವುದನ್ನೇ ಬಿಟ್ಟಳು. ಕೊನೆಗೆ ಮೊಣಕಾಲು ಚೂರು ಬಾಗಿಸಿ ನಿಂತಳು. ಮೊಣಕಾಲು ಬಾಗಿದರೆ ಅಂಕ ಕಳೆಯುವ ಆಟ ಇದು. ಪೆಂಕಾಳ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಬಾ ಇಲ್ಲಿ, ಜಿರಾಫೆ," ಎಂದು ಪಕ್ಕಕ್ಕೆ ಕರೆದಳು. "ವಾರ್ನಾದ ಪಂದ್ಯಕ್ಕೆ ಮೂರೇ ವಾರ ಉಳಿದಿದೆ. ನಾನೇನು ಮಾಡ್ಲಿ ಹೇಳು?"

"ಇನ್ನು ಬೆಳೆಯಲ್ಲ ಮೇಡಂ. ಅಜ್ಜಿ ಆಣೆ."

ಪೆಂಕಾಳಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. "ಇಂಥ ಆಣೆ ಇಪ್ಪತ್ತು ವರ್ಷದಿಂದ ಕೇಳ್ತಿದೀನಿ ಕಂದ. ನಿನ್ನ ಜಾಗ ವ್ಯಾರಾಗೆ ಕಲಿಸಿಕೊಡು."

ಆ ಕ್ಲಬ್ಬಿನಲ್ಲಿ ಹಾಗೇ: ತಂಡ ಬಿಡುವವಳೇ ಬರುವವಳಿಗೆ ತನ್ನ ಜಾಗ ಕಲಿಸಿಕೊಟ್ಟು ಹೋಗಬೇಕು. ಯಾವ ಕ್ರೂರಿ ಶುರುಮಾಡಿದ ಪದ್ಧತಿಯೋ. ವ್ಯಾರಾ ಹದಿಮೂರರವಳು, ಎರಡು ವರ್ಷದಿಂದ ಬದಲಿ ಆಟಗಾರ್ತಿಯಾಗಿ ಕಾರ್ಪೆಟ್ಟಿನ ಅಂಚಿನಲ್ಲಿ ಕೂತವಳು. ಕಾಲಿನಾ ಅವಳಿಗೆ ನಾಲ್ಕು ದಿನ ಎಲ್ಲವನ್ನೂ ಕಲಿಸಿದಳು. ಎಲ್ಲಿ ಉಸಿರು ಎಳೆಯಬೇಕು, ಎಸೆದ ಬಳೆ, ಅಂದರೆ ಹೂಪ್, ಗಾಳಿಯಲ್ಲಿದ್ದಾಗ ಎಷ್ಟು ಎಣಿಸಬೇಕು, ಎಲ್ಲವನ್ನೂ.

ಒಂದನ್ನು ಬಿಟ್ಟು. ಆಟದ ಕಟ್ಟಕಡೆಯಲ್ಲಿ ತಂಡದ ಗೆಳತಿ ರಾಲಿತ್ಸಾ ತನ್ನ ಬೆನ್ನ ಹಿಂದಿನಿಂದ ಹೂಪ್ ಎಸೆಯುತ್ತಾಳೆ. ಅದು ಯಾವಾಗಲೂ ಹಿಡಿಯುವವಳಿಗಿಂತ ಅರ್ಧ ಹೆಜ್ಜೆ ಮುಂದೆಯೇ ಬೀಳುತ್ತದೆ. ಗೆಳತಿಯ ತಪ್ಪು ಕೋಚ್‌ಗೆ ಕಾಣದಿರಲೆಂದು ಕಾಲಿನಾ ಯಾರಿಗೂ ಹೇಳದೆ ಅರ್ಧ ಹೆಜ್ಜೆ ಮುಂದೆ ಜಾರಿ ಹಿಡಿಯುತ್ತಿದ್ದಳು. ವ್ಯಾರಾಳ ಕೈಯಿಂದ ಅದು ಬೀಳಲಿ. ಎರಡು ಸಲ ಬಿದ್ದರೆ ಸಾಕು, ಎತ್ತರವೋ ಗಿಡ್ಡವೋ, ಪೆಂಕಾ ತನ್ನನ್ನೇ ವಾಪಸು ಕರೆಯಬೇಕಾಗುತ್ತದೆ. ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಐದನೆಯ ದಿನ ಸಂಗೀತ ಹಾಕಿ ಪೂರ್ತಿ ಆಡಿಸಿದರು. ಕಾಲಿನಾ ಅಂಚಿನಲ್ಲಿ ಉಗುರು ಕಚ್ಚುತ್ತಾ ನಿಂತಳು. ರಾಲಿತ್ಸಾ ಎಸೆದಳು. ಹೂಪ್ ಎಂದಿನಂತೆ ಅರ್ಧ ಹೆಜ್ಜೆ ಮುಂದೆಯೇ ಇಳಿಯಿತು. ವ್ಯಾರಾ ಅತ್ತ ನೋಡದೆ ಅರ್ಧ ಹೆಜ್ಜೆ ಮುಂದೆ ಜಾರಿ, ಅದನ್ನು ಹಿಡಿದು ನಿಂತಳು.

ಸಂಗೀತ ನಿಲ್ಲುವುದೇ ತಡ, ಕಾಲಿನಾ ಕಾರ್ಪೆಟ್ಟಿನ ನಡುವಿಗೇ ಓಡಿದಳು. "ಅದನ್ನ ಯಾರು ಹೇಳಿಕೊಟ್ರು ನಿಂಗೆ? ರಾಲಿತ್ಸಾನಾ?"

"ಯಾರೂ ಇಲ್ಲಕ್ಕ," ಎಂದಳು ವ್ಯಾರಾ, ಏದುಸಿರು ಬಿಡುತ್ತಾ. "ಎರಡು ವರ್ಷ ನಿನ್ನನ್ನೇ ನೋಡ್ತಾ ಕೂತಿದ್ನಲ್ಲ. ನೀನು ಹಿಡಿಯೋದೇ ಹಾಗಲ್ವಾ?"

ಉಳಿದವರು ಆಗಲೇ ಶುರುವಿನ ಭಂಗಿಗೆ ಕೂತಿದ್ದರು.

"ಇನ್ನೊಂದ್ಸಲ," ಎಂದು ಕೂಗಿದಳು ಪೆಂಕಾ. "ಕಾಲಿನಾ, ಸ್ವಲ್ಪ ಆಚೆ ಹೋಗು ಮರಿ. ಅಡ್ಡ ನಿಂತಿದೀಯ."