ಒಬ್ಬರೇ ಕೂರುವ ಸೀಟು

ಅಪ್ಪ ತೀರಿಹೋದ ಮೇಲೆ ಮೂಲೆ ಸೇರಿದ್ದ ಅವರ ಬೈಕನ್ನು ಅಣ್ಣ ಕೆಫೆ ರೇಸರ್, ಅಂದರೆ ಹಳೇ ಕಾಲದ ರೇಸ್ ಬೈಕಿನಂತೆ, ಮಾಡಲು ಹೊರಟ. ಉದ್ದ ಸೀಟು ಕಿತ್ತ, ಹಿಂದಿನ ಚೌಕಟ್ಟನ್ನು ಕಬ್ಬಿಣ ಕೊಯ್ಯುವ ಗ್ರೈಂಡರಿನಿಂದ ಕತ್ತರಿಸಿದ, ಒಬ್ಬರೇ ಕೂರುವ ಪುಟ್ಟ ಸೀಟು ಜೋಡಿಸಿದ. ನಾನು ಟಾರ್ಚ್ ಹಿಡಿದು ಬೈಸಿಕೊಂಡೆ.

"ಅಮ್ಮಾ, ಬಾ ನೋಡು! ಗುರುತೇ ಸಿಗಲ್ಲ ಅಲ್ವಾ?" ಎಂದು ಅಣ್ಣ ಕೂಗಿದ.

ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಚೆನ್ನಾಗಿದೆ ಕಣೋ. ನಾನೆಲ್ಲಿ ಕೂರ್ಲಿ?"

"ನೀವು ಬಸ್ಸಲ್ಲಿ ಬನ್ನಿ, ಮಹಾರಾಣಿ," ಎಂದು ಅಣ್ಣ ನಕ್ಕ.

ಅಮ್ಮನೂ ನಕ್ಕಳು. ಆಮೇಲೆ ಬಗ್ಗಿ, ಕತ್ತರಿಸಿ ಎಸೆದಿದ್ದ ಕಬ್ಬಿಣದಲ್ಲಿ ಒಂದು ತುಂಡು ಹೆಕ್ಕಿದಳು. ಹಿಂದೆ ಕೂರುವ ಅವಳು ಜಾರದಿರಲೆಂದು ಅಪ್ಪ ತಾವೇ ಬೆಸೆದಿದ್ದ ಹಿಡಿ ಅದು.

ಅಣ್ಣನ ಮುಖ ಸಪ್ಪಗಾಯಿತು. "ಕೊಡಮ್ಮಾ, ಮತ್ತೆ ವೆಲ್ಡ್ ಮಾಡ್ತೀನಿ."

"ಎಲ್ಲಿಗೆ ಮಾಡ್ತೀಯೋ?" ಎಂದಳು ಅಮ್ಮ. ಬೈಕು ತಿರುವಿನಲ್ಲಿ ವಾಲಿದಾಗ ಹಿಡಿಯುತ್ತಿದ್ದಷ್ಟೇ ಬಿಗಿಯಾಗಿ ಅದನ್ನು ಹಿಡಿದುಕೊಂಡು ಒಳಗೆ ಹೋದಳು.