ಡಾನ್ ಎವರಿಸ್ತೊ ಅವರ ಐಸ್ ಕಾರ್ಖಾನೆ

"ಎಲ್ಲರೂ ಹೊರಗೆ ಬಂದ್ರಾ?" ರೊಸೌರಾ ಕೂಗಿದಳು.

ಕಾರ್ಖಾನೆಯ ಬಾಗಿಲಿನಿಂದ ಬಿಳಿ ಹೊಗೆ ನುಗ್ಗುತ್ತಿತ್ತು. ಐಸ್ ಕಟ್ಟಿಸಲು ಬಳಸುವ ಅಮೋನಿಯದ ಘಾಟಿಗೆ ಆಳುಗಳು ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ ಬೀದಿಗೆ ಓಡಿಬಂದಿದ್ದರು. ಮೇಸ್ತ್ರಿ ಫಿಡೆನ್ಸಿಯೊ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಸಣ್ಣ ಧಣಿ ಕಾಣ್ತಿಲ್ಲ ಅಮ್ಮಾ. ಕಂಪ್ರೆಸರ್ ಹತ್ರ ಇದ್ರು."

ಸಣ್ಣ ಧಣಿ ಎಂದರೆ ಅವಳ ತಮ್ಮ ನಿಕಾನೋರ್. ರೊಸೌರಾ ತಟ್ಟನೆ ಅಪ್ಪನತ್ತ ತಿರುಗಿದಳು.

ಊರವರೆಲ್ಲ ಗೌರವದಿಂದ 'ಡಾನ್' ಎನ್ನುತ್ತಿದ್ದ ಎವರಿಸ್ತೊ ಹೆದರಿದ್ದನ್ನು ಅಲ್ವರಾದೊ ಬಂದರಿನಲ್ಲಿ ಯಾರೂ ಕಂಡಿರಲಿಲ್ಲ. ಅವರ ಅಪ್ಪ ಹೇಸರಗತ್ತೆ ಗಾಡಿಯಲ್ಲಿ ಐಸ್ ಮಾರಿ, ಇಳಿವಯಸ್ಸಿನಲ್ಲಿ ಈ ಕಾರ್ಖಾನೆ ಕಟ್ಟಿದವರು. ಎವರಿಸ್ತೊ ಅದನ್ನು ಕರಾವಳಿಯುದ್ದಕ್ಕೂ ಹಬ್ಬಿಸಿದರು. ಅವರ ಐಸಿಲ್ಲದೆ ಈ ಕಡೆಯ ಮೀನುದೋಣಿಗಳು ಕಡಲಿಗಿಳಿಯುತ್ತಿರಲಿಲ್ಲ. ಅಮೋನಿಯದ ಹಳೇ ಪೈಪು ಬದಲಾಯಿಸೋಣವೆಂದು ಮಗಳು ಹೋದ ವಾರವಷ್ಟೇ ಹೇಳಿದಾಗ ನಕ್ಕುಬಿಟ್ಟಿದ್ದರು. "ನಮ್ಮಪ್ಪ ಹಾಕಿಸಿದ್ದು ಕಣೇ ಅದು. ನಿನಗಿಂತ ಗಟ್ಟಿಯಾಗಿದೆ."

ಈಗ ಅದೇ ಪೈಪು ಒಡೆದಿತ್ತು, ಅವರು ಗೇಟಿನ ಕಂಬ ಹಿಡಿದು ನಿಂತಿದ್ದರು. ತುಟಿ ಅದುರುತ್ತಿತ್ತು.

"ಅಪ್ಪಾ, ಏನ್ ಮಾಡೋಣ? ಹೇಳಿ!"

ಅವರು ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿದರು. ಹೊಗೆಗಿಂತ ಅದನ್ನು ಕಂಡೇ ರೊಸೌರಾ ಹೆಚ್ಚು ಹೆದರಿದಳು.

ಫಿಡೆನ್ಸಿಯೊನ ಹೆಗಲ ಮೇಲಿನ ಟವೆಲ್ ಕಿತ್ತುಕೊಂಡು ನೀರಿನ ಡ್ರಮ್ಮಿಗೆ ಅದ್ದಿದಳು.

"ಬೆಂಕಿ ಆರಿಸೋರು ಬರ್ತಿದ್ದಾರೆ, ತಡೀರಮ್ಮಾ!"

"ಅವರು ಬರೋವರೆಗೂ ಅವನು ಉಳೀತಾನಾ?"

ಮೂಗು ಬಾಯಿಗೆ ಟವೆಲ್ ಬಿಗಿದು ನೆಲಕ್ಕೆ ಅಂಟಿಕೊಂಡೇ ಕಾರ್ಖಾನೆಯೊಳಗೆ ತೆವಳಿದಳು. ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು. 'ತಾಯಿ ಮರಿಯಾ, ತಾಯಿ ಮರಿಯಾ' ಎಂದಷ್ಟೇ ಮನಸ್ಸು ಬಡಬಡಿಸುತ್ತಿತ್ತು. ಕೈಗೆ ಬೂಟು ತಗುಲಿತು. ಕಾಲು ಹಿಡಿದು ಎಳೆದಳು. ಎಳೆಯುತ್ತ ಎಳೆಯುತ್ತ ದಿಕ್ಕು ತಪ್ಪಿತು: ಬಾಗಿಲು ಯಾವ ಕಡೆ? ಇನ್ನೂ ಒಳಕ್ಕೇ ಹೋಗುತ್ತಿದ್ದೇನೆಯೇ?

"ಇತ್ತ ಬನ್ನಿ ಅಮ್ಮಾ! ಇತ್ತ, ಇತ್ತ!" ಫಿಡೆನ್ಸಿಯೊ ಗಂಟಲು ಹರಿದುಕೊಳ್ಳುತ್ತಿದ್ದ. ಆ ದನಿ ಬಂದತ್ತಲೇ ತೆವಳಿದಳು.

ಹೊರಗೆ ನಿಕಾನೋರನ ಮುಖಕ್ಕೆ ನೀರು ಸುರಿದರು. ಬಹಳ ಹೊತ್ತು ಅವನು ಅಲುಗಲಿಲ್ಲ. ಆಮೇಲೆ ಕೆಮ್ಮಿದ, ಕಾರಿಕೊಂಡ, "ಅಕ್ಕಾ" ಎಂದ.

ಫಿಡೆನ್ಸಿಯೊ ಟೋಪಿ ತೆಗೆದು ಹತ್ತಿರ ಬಂದ. ಡಾನ್ ಎವರಿಸ್ತೊ ಪಕ್ಕದಲ್ಲೇ ಇದ್ದರೂ ಅವನು ಕೇಳಿದ್ದು ಅವಳನ್ನು. "ದೋಣಿಯವರಿಗೆ ಏನು ಹೇಳ್ಲಿ?"

"ಐಸ್ ಇಲ್ಲ ಅನ್ನು. ಪೈಪು ಹೊಸದಾಗೋವರೆಗೂ ಇಲ್ಲ."

ಹೇಳಿ ಮುಗಿಸಿ, ಅಪ್ಪ ಈಗ ಗದರುತ್ತಾರೆ ಎಂದು ಕಾದಳು.

ಅವರು ಕೆಸರಿನಲ್ಲಿ ಮೊಣಕಾಲೂರಿ, ಮಗನ ಬೂಟಿನ ಬಿಚ್ಚಿದ ದಾರವನ್ನು ಕಟ್ಟುತ್ತಿದ್ದರು. ಗಂಟು ನಿಲ್ಲಲಿಲ್ಲ. ಮತ್ತೆ ಕಟ್ಟಿದರು.