ಜಾರುವ ಚಾವಣಿ

“ನೂಕಬೇಡ ಕಣೋ, ಎಳಿ! ದಕ್ಷಿಣದ ಕಡೆಗೆ ಎಳಿ!” ಎಂದು ಗೇಟು ಮೇಸ್ತ್ರಿ ಅಡುಗೆಮನೆಯ ಕಿಟಕಿಯಿಂದ ಕೂಗಿದ.

ಹಿತ್ತಲಲ್ಲಿ ಅವನ ತಮ್ಮ ತಗಡಿನ ಚಾವಣಿಯೊಂದರ ಜೊತೆ ಗುದ್ದಾಡುತ್ತಿದ್ದ. ನಡುಮನೆಯಲ್ಲಿ ಮೇಸ್ತ್ರಿಯ ಹೆಂಡತಿಯನ್ನು ಮಲಗಿಸಿದ್ದರು. ಕೊನೆಯ ಸಲ ಮುಖ ನೋಡಲು ಬಂದವರು ಹೊಸ್ತಿಲಿನಿಂದ ಬೀದಿಯವರೆಗೆ ನಿಂತಿದ್ದರು, ಬಿಸಿಲು ಏರುತ್ತಿತ್ತು. ಚುಕ್ಕಿಮನೆಯ ಚಾವಣಿ ಜಾರಿಸಿದರೆ ಅದರಡಿ ನೆರಳಾಗುತ್ತದೆ, ವಯಸ್ಸಾದವರನ್ನಾದರೂ ಕೂರಿಸಬಹುದು ಎಂದು ಮಗಳು ಹೇಳಿದ್ದಳು.

ಚುಕ್ಕಿಮನೆ ಎಂದರೆ ನಕ್ಷತ್ರ ನೋಡುವ ಕೋಣೆ. ವೀಕ್ಷಣಾಲಯ ಎನ್ನುವಷ್ಟು ದೊಡ್ಡ ಹೆಸರನ್ನು ತಡೆದುಕೊಳ್ಳುವ ಗಾತ್ರ ಅದಕ್ಕಿರಲಿಲ್ಲ. ಎದೆಮಟ್ಟದ ಗೋಡೆ, ನಡುವೆ ದೂರದರ್ಶಕ ಕೂರಿಸಿದ ಕಂಬ, ಮೇಲೆ ಹಳಿಯ ಮೇಲೆ ಜಾರುವ ಚಾವಣಿ, ಅಷ್ಟೇ. ಹೊಸಬರು ನೋಡಿದರೆ ಬಚ್ಚಲುಮನೆ ಹೊರಗೆ ಕಟ್ಟಿಸಿದ್ದೀರಾ ಎಂದು ಕೇಳುತ್ತಿದ್ದರು. ಚಾವಣಿ ಡೇರೆಯ ಆಕಾರದ್ದು. ಒಂದು ತುದಿ ತೆರೆದಿತ್ತು, ದಕ್ಷಿಣದ ತುದಿಗೆ ಮಾತ್ರ ತ್ರಿಕೋನದ ತಗಡು ಬಡಿದು ಮುಚ್ಚಿತ್ತು.

ತಮ್ಮ ಕೊನೆಗೂ ಅದನ್ನು ಜಾರಿಸಿ ಕುರ್ಚಿ ಹಾಕಿದ. ಅವನನ್ನು ಎಲ್ಲರೂ ಬಡಾಯಿ ಎಂದೇ ಕರೆಯುತ್ತಿದ್ದರು. ಅಣ್ಣನ ಗೇಟು ಮಾಡುವ ಶೆಡ್ಡಿನಲ್ಲೇ ವೆಲ್ಡಿಂಗ್ ಕಲಿತು, ಈಗ ಬೇರೆ ರಿಪೇರಿ ಅಂಗಡಿ ಇಟ್ಟುಕೊಂಡವನು. ಅವನ ಮಾತಿನಲ್ಲಿ ಅರ್ಧ ಕಳೆದು, ಉಳಿದರ್ಧವನ್ನು ಇನ್ನೊಬ್ಬರ ಹತ್ತಿರ ವಿಚಾರಿಸಬೇಕಿತ್ತು.

ಮೊದಲು ನೆರಳಿಗೆ ಬಂದು ಕುಳಿತವರು ಕನ್ನಡಕದ ಅಂಗಡಿಯವರು. ತೀರಿಕೊಂಡವಳು ಅವರ ಅಂಗಡಿಯಲ್ಲೇ ಕನ್ನಡಕದ ಗಾಜು ಉಜ್ಜುವ ಕೆಲಸ ಮಾಡಿ ನಿವೃತ್ತಳಾಗಿದ್ದಳು.

“ಅಂಗಡಿಗೆ ಬಂದೋರಿಗೆಲ್ಲ ಅದೇ ಕತೆ ಹೇಳೋಳು, ಮೇಸ್ತ್ರಿ,” ಎಂದರು ಅವರು. “ದಕ್ಷಿಣದಲ್ಲಿ ತೀರಾ ಕೆಳಗೆ ಒಂದು ಚುಕ್ಕಿ ಇದೆಯಂತೆ. ಬರಿಗಣ್ಣಿಗೆ ಮಸುಕು. ಟೆಲಿಸ್ಕೋಪಲ್ಲಿ ನೋಡಿದ್ರೆ ಒಂದು ಚುಕ್ಕಿಯೇ ಅಲ್ವಂತೆ, ಸಕ್ಕರೆ ಚೆಲ್ಲಿದ ಹಾಗೆ ಸಾವಿರಾರು! ‘ಕನ್ನಡಕ ಹಾಕ್ಕೊಳ್ಳಿ, ನಿಮಗೂ ಲೋಕ ಹಾಗೇ ಬಿಡಿಬಿಡಿಯಾಗಿ ಕಾಣುತ್ತೆ’ ಅನ್ನೋಳು. ನನಗೆ ಎಷ್ಟು ವ್ಯಾಪಾರ ಕುದುರಿಸಿಕೊಟ್ಟಳೋ ಆ ಚುಕ್ಕಿಯಿಂದ! ನೀವೂ ಅದಕ್ಕಂತಲೇ ಮನೆ ಕಟ್ಟಿಕೊಟ್ರಿ. ಆಸೆ ತೀರಿಸಿಕೊಂಡು ಹೋದಳು ಬಿಡಿ.”

ಮೇಸ್ತ್ರಿ ತಲೆಯಾಡಿಸಿದ. ಹೆಂಡತಿ ತಿಂಗಳುಗಟ್ಟಲೆ ನರಳಿ, ಕೊನೆಗೆ ನಿದ್ದೆಯಲ್ಲೇ ಹೋಗಿದ್ದಳು. ನೋವು ಮುಗಿಯಿತಲ್ಲ ಎಂದು ಮನೆಯವರೆಲ್ಲ ಒಳಗೊಳಗೇ ನಿಟ್ಟುಸಿರು ಬಿಟ್ಟಿದ್ದರು, ಅವನೂ ಬಿಟ್ಟಿದ್ದ. ಆದರೆ ಅವಳು ಆಸೆ ತೀರಿಸಿಕೊಂಡು ಹೋದಳು ಎಂಬುದು ಸುಳ್ಳು. ಅವಳು ಆ ಚುಕ್ಕಿಗೊಂಚಲನ್ನು ಕಂಡೇ ಇರಲಿಲ್ಲ. ಕಾಣದಂತೆ ಮಾಡಿದ್ದು ಅವನೇ.

*

ಹಿತ್ತಲು ಉದ್ದಕ್ಕಿತ್ತು, ಅಗಲಕ್ಕಿರಲಿಲ್ಲ. ಅಡುಗೆಮನೆಯ ಹತ್ತಿರ ನಿಂಬೆಗಿಡ, ಆಮೇಲೆ ಒಂದಿಷ್ಟು ಖಾಲಿ ನೆಲ, ಕೊನೆಗೆ ಬಟ್ಟೆ ಒಣಗಿಸುವ ಹಗ್ಗ. ಎರಡೂ ಪಕ್ಕದಲ್ಲಿ ನೆರೆಯವರ ಗೋಡೆ. ಅವಳು ನಿವೃತ್ತಳಾದ ವಾರವೇ ಇಬ್ಬರೂ ಅಲ್ಲಿ ನಿಂತು ಅಳೆಯಲು ಶುರುಮಾಡಿದ್ದರು.

“ಗುಮ್ಮಟ ಬೇಕೇನು?” ಎಂದು ಕೇಳಿದ್ದ ಮೇಸ್ತ್ರಿ. “ಅದೆಲ್ಲ ನನ್ನ ಕೈಲಾಗೋದಲ್ಲ. ನಾನು ಗೇಟು ಮಾಡೋನು. ಜಾರೋ ಗೇಟನ್ನ ಅಂಗಾತ ಮಲಗಿಸಿದರೆ ಅದೇ ಚಾವಣಿ.”

“ಯಾವ ಕಡೆಗೆ ಜಾರಿಸ್ತೀರಿ?”

“ಉತ್ತರಕ್ಕೆ ಜಾರಿಸಿದ್ರೆ ನಿಂಬೆಗಿಡ ಕಡೀಬೇಕು.”

“ಅದನ್ನ ಕಡಿಯೋದಾದ್ರೆ ನನಗೆ ಯಾವ ಚುಕ್ಕಿಯೂ ಬೇಡ.”

“ದಕ್ಷಿಣಕ್ಕೆ ಜಾರಿಸಿದ್ರೆ ಬಟ್ಟೆ ಹಗ್ಗ ತೆಗೀಬೇಕು.”

“ತೆಗೀರಿ. ಬಟ್ಟೆ ಎಲ್ಲಾದ್ರೂ ಒಣಗುತ್ತೆ.”

ದೂರದರ್ಶಕ ಇನ್ನೂ ಬಂದಿರಲಿಲ್ಲ. ಅದರ ಬದಲು ಅವಳು ಸ್ಟೂಲಿನ ಮೇಲೆ ಕುಳಿತು, ಉದ್ದ ಹಿಡಿಕೆಯ ಪೊರಕೆಯನ್ನು ಕಣ್ಣಿಗೆ ಹಿಡಿದು ಸುತ್ತ ತಿರುಗಿದಳು. ಪೊರಕೆ ಎಲ್ಲೆಲ್ಲಿ ಸುಳಿಯಿತೋ ಅಲ್ಲೆಲ್ಲ ಮೇಸ್ತ್ರಿ ಸುಣ್ಣದ ಪುಡಿ ಉದುರಿಸಿ ಗುರುತು ಹಾಕಿದ. ಗೋಡೆಯ ಬದಲು ಬಡಾಯಿ ಹೊದಿಕೆ ಬಿಡಿಸಿ ಹಿಡಿದುಕೊಂಡು ನಿಂತ.

“ಅತ್ತಿಗೆ, ಈಗ ಕಾಣುತ್ತಾ?”

“ಇನ್ನೂ ಸ್ವಲ್ಪ ಇಳಿಸಿ. ನನಗೆ ಬೇಕಾದ್ದು ಕೆಳಗಿದೆ.”

“ಕೈ ಬಿದ್ದು ಹೋಗ್ತಿದೆ ಅತ್ತಿಗೆ.”

“ಗೋಡೆಗೆ ಕೈ ನೋಯಲ್ಲ, ಸುಮ್ನೆ ನಿಂತ್ಕೊಳ್ಳಿ.”

ಕಂಬದ ಬುಡ ಮಣ್ಣಿನಾಳದಲ್ಲಿರಲಿ, ಕೋಣೆಯ ನೆಲಹಾಸಿಗೆ ತಾಗಬಾರದು, ಸುತ್ತ ಬೆರಳು ತೂರುವಷ್ಟು ಸಂದು ಬಿಡಬೇಕು ಎಂದು ಅವಳು ಹಟ ಹಿಡಿದಳು. ಇಲ್ಲದಿದ್ದರೆ ನೀವು ಓಡಾಡಿದಾಗ ಚುಕ್ಕಿ ಕುಣಿಯುತ್ತೆ ಎಂದಳು. “ಅಷ್ಟು ದಪ್ಪ ಆಗಿದ್ದೀನೇನೆ ನಾನು?” ಎಂದು ಮೇಸ್ತ್ರಿ ಸಿಡುಕಿದ. ಆದರೂ ಸಂದು ಬಿಟ್ಟೇ ಕಟ್ಟಿದ.

ಅಷ್ಟೆಲ್ಲ ಅಳೆದು ತೂಗಿದರೂ ಎಡವಟ್ಟಾಗಿತ್ತು. ಅವರು ಯೋಚಿಸಿದ್ದೆಲ್ಲ ಹಾಡಹಗಲಲ್ಲಿ. ಗೋಡೆ, ಕಂಬ, ಬಾಗಿಲು, ಸ್ಟೂಲು ಎಲ್ಲಕ್ಕೂ ಲೆಕ್ಕವಿತ್ತು, ತೆರೆದ ಚಾವಣಿಯೊಂದನ್ನು ಬಿಟ್ಟು. ಗೇಟು ಮಾಡುವವನು ಮುಚ್ಚಿದ ಗೇಟಿನ ಚಿತ್ರವನ್ನೇ ಬರೆಯುತ್ತಾನೆ. ತೆರೆದ ಗೇಟು ಗೋಡೆಯ ಪಕ್ಕಕ್ಕೆ ಸರಿದುಹೋಯಿತು, ಆಮೇಲೆ ಅದರ ಗೊಡವೆ ಅವನಿಗಿಲ್ಲ. ಈ ಚಾವಣಿ ಮಾತ್ರ ಎಲ್ಲಿಗೂ ಸರಿದುಹೋಗಲಿಲ್ಲ. ದಕ್ಷಿಣಕ್ಕೆ ಜಾರಿ, ದಕ್ಷಿಣದ ಆಕಾಶಕ್ಕೇ ಅಡ್ಡ ನಿಂತಿತು.

*

ಮೊದಲ ಸಂಜೆ ಮೇಸ್ತ್ರಿಗೆ ಇದು ತಿಳಿಯಲಿಲ್ಲ. ಚಾವಣಿ ಭಾರವಿದ್ದುದರಿಂದ ಅವನೇ ಜಾರಿಸಿಕೊಟ್ಟು ಬಾಗಿಲಲ್ಲಿ ನಿಂತಿದ್ದ. ಅವಳು ದೂರದರ್ಶಕವನ್ನು ದಕ್ಷಿಣಕ್ಕೆ ತಿರುಗಿಸಿದಳು. ಕಣ್ಣಿಟ್ಟು, ಸ್ಟೂಲನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ಸರಿಸಿದಳು.

“ಕಾಣಿಸ್ತಾ?”

“ಹೂಂ. ಕಾಣಿಸ್ತು.”

“ಸಾವಿರಾರು?”

“ಸಾವಿರಾರು ರೀ. ನೀವು ಒಳಗೆ ಹೋಗಿ, ಬೆಳಿಗ್ಗೆ ಬೇಗ ಏಳಬೇಕಲ್ಲ.”

ಅವನು ಎದೆಯುಬ್ಬಿಸಿಕೊಂಡು ಒಳಗೆ ಹೋಗಿದ್ದ. ಮಾರನೆಯ ದಿನ ಶೆಡ್ಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಅವನು ಚಾವಣಿ ಜಾರಿಸಿಕೊಟ್ಟು ಮಲಗುವುದು, ಅವಳು ಕುಳಿತಷ್ಟು ಹೊತ್ತು ಕುಳಿತು, ಮುಗಿದ ಮೇಲೆ ಮುಚ್ಚಲು ಅವನನ್ನು ಎಬ್ಬಿಸುವುದು. ಅವನು ಒಂದು ಸಲವೂ ದೂರದರ್ಶಕಕ್ಕೆ ಕಣ್ಣಿಡಲಿಲ್ಲ. ನೋಡುವುದು ಅವಳ ಕೆಲಸ, ತೆರೆಯುವುದು ತನ್ನದು ಎಂದುಕೊಂಡಿದ್ದ.

ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಒಂದು ಸಂಜೆ ಮನೆ ಬಿಕೋ ಎನ್ನುತ್ತಿತ್ತು. ಧೂಳು ಹೊಡೆಯೋಣವೆಂದು ಚುಕ್ಕಿಮನೆ ತೆರೆದು, ಅವಳ ಸ್ಟೂಲಿನ ಮೇಲೆ ಕುಳಿತ. ದಕ್ಷಿಣಕ್ಕೆ ನೋಡಿದರೆ ತನ್ನದೇ ಚಾವಣಿಯ ಹೊಟ್ಟೆ, ಅದರ ಕೊನೆಯಲ್ಲಿ ತಾನೇ ಬಡಿದ ತ್ರಿಕೋನದ ತಗಡು. ಕೆಳಗಿನ ಆಕಾಶ ಒಂದು ಗೇಣೂ ಇಲ್ಲ. ಬಗ್ಗಿ ನೋಡಿದ, ಸ್ಟೂಲು ಸರಿಸಿ ನೋಡಿದ. ಇಲ್ಲವೆಂದರೆ ಇಲ್ಲ.

ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳು ಇಷ್ಟು ವರ್ಷವೂ ತನ್ನ ಮನಸ್ಸು ನೋಯದಿರಲೆಂದು ತಗಡು ನೋಡಿಕೊಂಡು ಕುಳಿತಿದ್ದಳು! ಕೇಳಬೇಕೆಂದು ಆಸ್ಪತ್ರೆಗೆ ಹೋದಾಗಲೆಲ್ಲ ಬಾಯಿ ತೆರೆದ. ಅವಳು ಕಣ್ಣು ಬಿಟ್ಟರೆ ನೋವು, ಮುಚ್ಚಿದರೆ ನಿದ್ದೆ. ಕೇಳುವ ಧೈರ್ಯ ಬರಲೇ ಇಲ್ಲ.

*

ಮಧ್ಯಾಹ್ನ ಎಲ್ಲ ಮುಗಿಸಿಕೊಂಡು ಬಂದರು. ನೆಂಟರು ಒಬ್ಬೊಬ್ಬರಾಗಿ ಹೊರಟರು. ಮಗಳು ನಡುಮನೆಯ ಕಿಟಕಿಗಳನ್ನೆಲ್ಲ ತೆರೆದು, ಔಷಧಿಯ ಸೀಸೆಗಳನ್ನು ಒಂದು ಚೀಲಕ್ಕೆ ತುಂಬಿ, ಟೀ ಮಾಡಿ ತಂದಳು.

“ತಪ್ಪು ತಿಳ್ಕೋಬೇಡಪ್ಪ,” ಎಂದಳು. “ನನಗೆ ಹಗುರ ಅನ್ನಿಸ್ತಿದೆ. ಅಮ್ಮ ಇನ್ನು ನರಳೋದಿಲ್ವಲ್ಲ.”

“ನನಗೂ ಹಾಗೇ ಕಣಮ್ಮ. ಆದ್ರೆ ಒಂದು ಉಳಿದುಹೋಯ್ತು.” ಮೇಸ್ತ್ರಿ ಲೋಟ ಕೆಳಗಿಟ್ಟ. “ನಿಮ್ಮಮ್ಮ ಆ ಚುಕ್ಕಿಗೊಂಚಲು ನೋಡ್ಲೇ ಇಲ್ಲ. ನನ್ನ ಚಾವಣಿ ಅಡ್ಡ ಇತ್ತು. ಕಾಣಿಸ್ತು ಅಂತ ಸುಳ್ಳು ಹೇಳಿದ್ಲು. ನಾನು ಊರೆಲ್ಲ ಡಂಗುರ ಹೊಡ್ಕೊಂಡು ಬಂದೆ, ಅವಳು ತಗಡು ನೋಡ್ಕೊಂಡು ಕೂತಳು.”

ಮೂಲೆಯಲ್ಲಿ ಕುರ್ಚಿ ಪೇರಿಸುತ್ತಿದ್ದ ಬಡಾಯಿಗೆ ಕೆಮ್ಮು ಬಂತು. ಅದು ನಿಜವಾದ ಕೆಮ್ಮಲ್ಲ.

“ಅಣ್ಣ, ಬಯ್ಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ.”

“ಇವತ್ತು ಬೇಡ ಕಣೋ, ನಿನ್ನ ಮಾತು.”

“ಇವತ್ತೇ ಹೇಳಬೇಕು. ಅತ್ತಿಗೆ ಇರೋತನಕ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ.” ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. “ಚುಕ್ಕಿಮನೆ ಮುಗಿದ ಹೊಸದರಲ್ಲಿ ನೀನು ಶಾಲೆ ಗೇಟು ಕೂರಿಸೋಕೆ ಅಂತ ಪರ ಊರಿಗೆ ಹೋಗಿದ್ದೆಯಲ್ಲ, ಆಗ ಅತ್ತಿಗೆ ನನ್ನ ಕರೆಸಿದ್ರು. ದಕ್ಷಿಣದ ತಗಡು ಬಿಚ್ಚಿ, ಕೆಳಗಡೆ ಬಾಗಿಲಿಗೆ ಹಾಕೋ ಥರ ಹಿಂಜು ಹಾಕಿಕೊಡಿ ಅಂದ್ರು. ಹಾಕಿಕೊಟ್ಟೆ. ಹಗ್ಗ ಸಡಿಲ ಬಿಟ್ರೆ ತಗಡು ಆಚೆಗೆ ಮಲಗುತ್ತೆ, ಎಳೆದ್ರೆ ಮುಚ್ಚಿಕೊಳ್ಳುತ್ತೆ.”

“ಯಾವ ಹಗ್ಗ?”

“ಗಾಜು ಒರೆಸೋ ಬಟ್ಟೆ ಒಣಗಿಹಾಕ್ತಿದ್ರಲ್ಲ, ಚಾವಣಿ ಒಳಗೆ? ಅದೇ.”

ಆ ಹಗ್ಗವನ್ನು ಮೇಸ್ತ್ರಿ ನೂರು ಸಲ ನೋಡಿದ್ದ. ಬಟ್ಟೆ ಹಗ್ಗ ಕಳೆದುಕೊಂಡವಳು ಪಾಪ, ಒಂದು ತುಂಡನ್ನಾದರೂ ಉಳಿಸಿಕೊಂಡಿದ್ದಾಳೆ ಎಂದು ಮರುಗಿಯೂ ಇದ್ದ.

“ನನ್ನ ಕೆಲಸದ ಮೇಲೆ ಕೈ ಹಾಕಿದ್ಯಾ ನೀನು?”

“ಹಿಂಜು ಕಾಣದ ಹಾಗೆ ಮೇಲೆ ಪಟ್ಟಿ ಬಡಿದು, ನಿನ್ನದೇ ಡಬ್ಬದ ಬಣ್ಣ ಬಳಿದೆ. ಬೀದಿ ಗೇಟುಗಳಲ್ಲೆಲ್ಲ ತಪ್ಪು ಹುಡುಕ್ತೀಯ, ನಿನ್ನದನ್ನ ನೀನು ತಿರುಗಿ ನೋಡೋನಲ್ಲ ಅಂತ ಗೊತ್ತಿತ್ತು.”

“ನನಗೇ ಹೇಳಬಹುದಿತ್ತಲ್ಲ ಅವಳು!”

“ನಾನೂ ಅದನ್ನೇ ಕೇಳಿದೆ. ಅತ್ತಿಗೆ ಏನಂದ್ರು ಗೊತ್ತಾ? ‘ಅವರಿಗೆ ಹೇಳಿದ್ರೆ ಪೂರ್ತಿ ಕೆಡವಿ ಮತ್ತೆ ಕಟ್ಟೋಕೆ ಶುರುಮಾಡ್ತಾರೆ. ಇನ್ನೊಂದು ವರ್ಷ ನನಗೆ ಚುಕ್ಕಿಯೂ ಇಲ್ಲ, ಹಿತ್ತಲೂ ಇಲ್ಲ’ ಅಂದ್ರು.”

ಮಗಳು ಫಕ್ಕನೆ ನಕ್ಕುಬಿಟ್ಟಳು. ಆ ದಿನ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. “ಅಮ್ಮನದೇ ಮಾತು ಅದು, ಅನುಮಾನವೇ ಇಲ್ಲ,” ಎಂದಳು. “ಆದ್ರೆ ಚಿಕ್ಕಪ್ಪ, ನೀವು ಇಷ್ಟು ವರ್ಷ ಗುಟ್ಟು ಹೊಟ್ಟೇಲಿಟ್ಕೊಂಡಿದ್ರಾ?”

“ಅದಕ್ಕೇ ಹೊಟ್ಟೆ ಹೀಗೆ ಬಂದಿರೋದು.”

ಮೇಸ್ತ್ರಿ ನಗಲಿಲ್ಲ. ತಮ್ಮನ ಮುಖವನ್ನೇ ನೋಡುತ್ತಿದ್ದ. ನಂಬಬೇಕೆಂಬ ಆಸೆ ಎದೆಯ ತುಂಬ ಇತ್ತು, ಆದರೆ ಹೇಳುತ್ತಿರುವವನು ಬಡಾಯಿ. ದುಃಖದ ಮನೆಯಲ್ಲಿ ಅಣ್ಣನನ್ನು ಸಮಾಧಾನ ಮಾಡಲು ಇವನು ಹಿಂಜೇನು, ಹೊಸ ಚುಕ್ಕಿಯನ್ನೇ ಹುಟ್ಟಿಸಬಲ್ಲ. ಹಿಂಜು ಇದ್ದರೂ ಏನಾಯಿತು? ಒಮ್ಮೆ ಹಾಕಿಸಿಕೊಂಡು, ಕೈಲಾಗದೆ ಬಿಟ್ಟಿರಬಹುದು. ಗಾಳಿ ಮಳೆಗೆ ಬಿದ್ದ ಹಿಂಜಿನ ಸ್ವಭಾವ ಅವನಿಗೆ ಗೊತ್ತು. ಯಾರೂ ತೆರೆಯದೆ ಬಿಟ್ಟರೆ ಅದು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಎಳೆದರೆ ಕೇರಿಗೆಲ್ಲ ಕೇಳುವಂತೆ ಕಿರುಚುತ್ತದೆ.

ಅವನು ಎದ್ದು ಹಿತ್ತಲಿಗೆ ನಡೆದ. ಇಬ್ಬರೂ ಹಿಂದೆ ಬಂದರು, ಆದರೆ ನಿಂಬೆಗಿಡದ ಹತ್ತಿರವೇ ನಿಂತರು.

ಸಂಜೆಯಾಗಿತ್ತು. ಬೆಳಗ್ಗೆ ಜಾರಿಸಿದ ಚಾವಣಿ ಹಾಗೇ ಇತ್ತು, ಅದರಡಿ ಖಾಲಿ ಕುರ್ಚಿಗಳು. ಮೇಸ್ತ್ರಿ ಚುಕ್ಕಿಮನೆಯೊಳಗೆ ಹೋಗಿ ದಕ್ಷಿಣದ ಗೋಡೆಗೆ ಒರಗಿ ನಿಂತು, ಮೇಲೆ ಕೈಯಾಡಿಸಿದ. ಹಗ್ಗ ಸಿಕ್ಕಿತು. ಅದರ ತುದಿಯನ್ನು ಕೊಕ್ಕೆಯೊಂದಕ್ಕೆ ಸುತ್ತಿತ್ತು. ಸುತ್ತು ಬಿಚ್ಚಿದ. ಹಲ್ಲು ಕಚ್ಚಿ, ಆ ಕಿರುಚಾಟಕ್ಕೆ ಕಿವಿಯನ್ನು ಗಟ್ಟಿಮಾಡಿಕೊಂಡು, ಹಗ್ಗ ಸಡಿಲ ಬಿಟ್ಟ.

ಸದ್ದಿಲ್ಲ. ತಗಡು ತನ್ನ ಪಾಡಿಗೆ ತಾನು ಆಚೆಗೆ ಬಾಗಿ, ಮೆಲ್ಲಗೆ ಮಲಗಿತು. ಎಣ್ಣೆ ಕಂಡ ಹಿಂಜು, ದಿನಾ ತೆರೆದು ಮುಚ್ಚಿದ ಹಿಂಜು. ಇಷ್ಟು ನುಣ್ಣಗೆ ತಿರುಗುವ ಹಿಂಜನ್ನು ತನ್ನ ಶೆಡ್ಡಿನಿಂದಲೂ ಅವನು ಕಳಿಸಿರಲಿಲ್ಲ.

“ಅಪ್ಪ?” ಎಂದಳು ಮಗಳು ದೂರದಿಂದ. “ತೆರೀತಾ?”

ಅವನಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬರುತ್ತಿದ್ದವು. ಹಗ್ಗ ಎಳೆದು ತಗಡು ಮುಚ್ಚಿದ, ಮತ್ತೆ ಬಿಟ್ಟ. ಮತ್ತೆ ಎಳೆದು ಮತ್ತೆ ಬಿಟ್ಟ. ಪ್ರತಿ ಸಲವೂ ಕತ್ತು ವಾಲಿಸಿ ಕಿವಿಗೊಟ್ಟ. ಪ್ರತಿ ಸಲವೂ ಸದ್ದೇ ಇಲ್ಲದೆ, ಚಾವಣಿಯ ಆ ತುದಿಯಲ್ಲಿ ತಿಳಿ ಕತ್ತಲ ತ್ರಿಕೋನವೊಂದು ತೆರೆದುಕೊಳ್ಳುತ್ತಿತ್ತು.